ಕರುಳಿನ ಕ್ರಿಯಾಪದ: ‘ಸ್ಪ್ಲಂಖ್ನಿಝೊಮಾಯ್’ ಪದವನ್ನು ಅರಿತು ಕನ್ನಡಕ್ಕೆ ತರುವ ಬಗೆ

ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಮೂವರು ಒಂದೇ ದಾರಿಯಲ್ಲಿ ಬರುತ್ತಾರೆ. ಅದು ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿ. ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಯಾಜಕನು ನೋಡುತ್ತಾನೆ, ಲೇವಿಯನು ನೋಡುತ್ತಾನೆ, ಸಮಾರ್ಯದವನೂ ನೋಡುತ್ತಾನೆ. ಗ್ರೀಕಿನಲ್ಲಿ ಮೂವರಿಗೂ ಒಂದೇ ಪದ: ‘ಇದೋನ್’, ಅಂದರೆ ‘ಕಂಡು’. ಮೊದಲಿಬ್ಬರ ವಿಷಯದಲ್ಲಿ ಅದರ ಮುಂದಿನ ಪದ ‘ಅಂತಿಪರೇಲ್ಥೆನ್’, ‘ಆಚೆ ಬದಿಯಿಂದ ಹಾದುಹೋದನು’. ಮೂರನೆಯವನಿಗೆ ಬಂದಾಗ ಲೂಕನು ಬರೆದ ಪದ ‘ಎಸ್ಪ್ಲಂಖ್ನಿಸ್ಥೇ’, ಅಂದರೆ ‘ಸ್ಪ್ಲಂಖ್ನಿಝೊಮಾಯ್’ ಕ್ರಿಯಾಪದದ ಭೂತಕಾಲದ ರೂಪ. ಕಥೆ ತಿರುಗುವುದು ಈ ಒಂದು ಕ್ರಿಯಾಪದದ ಮೇಲೆ.

ಸತ್ಯವೇದವನ್ನು ಕನ್ನಡದಲ್ಲಿ ಓದಿ ಬೆಳೆದವರ ಕಿವಿಯಲ್ಲಿ ಇಂಥ ಕಡೆ ‘ಕನಿಕರಪಟ್ಟು’ ಎಂಬ ಮಾತು ನಿಂತಿರುತ್ತದೆ. ಒಳ್ಳೆಯ ಮಾತೇ. ಆದರೆ ನೂರಾರು ಬಾರಿ ಕೇಳಿದ ಮೇಲೆ ಅದು ನಮ್ಮನ್ನು ತಡೆದು ನಿಲ್ಲಿಸುವುದಿಲ್ಲ. ಗ್ರೀಕ್ ಪದ ನಿಲ್ಲಿಸುತ್ತದೆ, ಏಕೆಂದರೆ ಅದರ ಒಳಗೆ ಕರುಳಿದೆ.

ಈ ಪದವನ್ನು ನಾನು ಹಲವು ವರ್ಷಗಳಿಂದ ಬೆನ್ನುಹತ್ತಿದ್ದೇನೆ. ಪ್ರಸಂಗ ಸಿದ್ಧಪಡಿಸುವವರು, ಬೈಬಲ್ ಅಧ್ಯಯನ ನಡೆಸುವವರು, ಅನುವಾದದಲ್ಲಿ ಆಸಕ್ತಿಯಿರುವ ಯಾರೇ ಆದರೂ ಒಂದು ಗ್ರೀಕ್ ಕ್ರಿಯಾಪದವನ್ನು ತಮ್ಮ ಕೈಯಾರೆ ಪರೀಕ್ಷಿಸಿ ಕನ್ನಡಕ್ಕೆ ತರಬಹುದು. ಅದಕ್ಕೆ ಗ್ರೀಕ್ ಪಂಡಿತರಾಗಿರಬೇಕಿಲ್ಲ. 24 ಅಕ್ಷರಗಳನ್ನು ಕಲಿತು, ಪದಕೋಶ ನೋಡುವ ತಾಳ್ಮೆ ಇಟ್ಟುಕೊಂಡರೆ ಸಾಕು. ಆ ದಾರಿಯನ್ನು ಈ ಒಂದೇ ಪದದ ಮೂಲಕ ತೋರಿಸುತ್ತೇನೆ.

ಕೈಯಲ್ಲಿ ಏನಿರಬೇಕು

ಗ್ರೀಕ್ ಹೊಸ ಒಡಂಬಡಿಕೆಯ ಒಂದು ಪ್ರತಿ. ನೆಸ್ಲೆ-ಆಲಂಡ್ 28ನೆಯ ಆವೃತ್ತಿಯಾದರೆ ಹಸ್ತಪ್ರತಿಗಳ ಪಾಠಭೇದಗಳೂ ಅಡಿಯಲ್ಲಿ ಸಿಗುತ್ತವೆ. ಪದ ಎಲ್ಲೆಲ್ಲಿ ಬಂದಿದೆ ಎಂದು ತೋರಿಸುವ ಪದಾನುಕ್ರಮಣಿಕೆ. ಕನ್ನಡದ ಎರಡು ಬೇರೆ ಬೇರೆ ಅನುವಾದಗಳು. ಕಿಟ್ಟೆಲ್ ಅವರು 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ ನಿಘಂಟು. ಕೊನೆಯದಾಗಿ ಒಂದು ನೋಟ್‌ಬುಕ್ಕು, ಮತ್ತು ನೀವು ಬರೆದದ್ದನ್ನು ಕೇಳಿಸಿಕೊಳ್ಳಲು ಒಪ್ಪುವ ಒಬ್ಬ ಕನ್ನಡಿಗರು. ಇವರು ದೇವಶಾಸ್ತ್ರ ಓದಿರದಿದ್ದರೆ ಇನ್ನೂ ಒಳ್ಳೆಯದು.

ಸ್ಟ್ರಾಂಗ್ ಪದಾನುಕ್ರಮಣಿಕೆಯಲ್ಲಿ (1890) ಪ್ರತಿ ಪದಕ್ಕೂ ಒಂದು ಸಂಖ್ಯೆಯಿದೆ. ನಮ್ಮ ಪದಕ್ಕೆ 4697. ಪಕ್ಕದ 4698, ಅದರ ನಾಮಪದ ‘ಸ್ಪ್ಲಾಂಖ್ನೊನ್’. ಈ ಸಂಖ್ಯೆಗಳು ಮನೆಯ ವಿಳಾಸವಿದ್ದಂತೆ: ಬಾಗಿಲವರೆಗೆ ಕರೆದೊಯ್ಯುತ್ತವೆ. ಸಂಖ್ಯೆಯ ಪಕ್ಕದಲ್ಲಿ ಕೊಟ್ಟಿರುವ ಒಂದು ಸಾಲನ್ನೇ ಪದದ ಅರ್ಥವೆಂದು ಎತ್ತಿಕೊಂಡು ಹೊರಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಹೆಜ್ಜೆ 1: ಪದ ಬಂದ ಎಲ್ಲ ಜಾಗಗಳನ್ನೂ ಬರೆದುಕೊಳ್ಳಿ

ನಿಘಂಟು ತೆರೆಯುವ ಮುನ್ನವೇ ಇದನ್ನು ಮಾಡಿ. ಪದದ ಅರ್ಥ ಅದರ ಬಳಕೆಯಲ್ಲಿದೆ. ನಿಘಂಟುಕಾರರೂ ಅಲ್ಲಿಂದಲೇ ಆರಿಸಿದ್ದು.

‘ಸ್ಪ್ಲಂಖ್ನಿಝೊಮಾಯ್’ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಬಾರಿ. ಮತ್ತಾಯನಲ್ಲಿ ಐದು: 9:36, 14:14, 15:32, 18:27, 20:34. ಮಾರ್ಕನಲ್ಲಿ ನಾಲ್ಕು: 1:41, 6:34, 8:2, 9:22. ಲೂಕನಲ್ಲಿ ಮೂರು: 7:13, 10:33, 15:20. ಯೋಹಾನನ ಸುವಾರ್ತೆಯಲ್ಲಿ ಇಲ್ಲ, ಪೌಲನ ಪತ್ರಗಳಲ್ಲೂ ಇಲ್ಲ.

ಈಗ ಪ್ರತಿ ವಚನದ ಮುಂದೆ ‘ಯಾರಿಗೆ ಹೀಗಾಯಿತು?’ ಎಂದು ಬರೆಯಿರಿ. ಎಂಟು ಕಡೆ ಯೇಸುವಿಗೆ. ಮಾರ್ಕ 9:22ರಲ್ಲಿ ಕಾಯಿಲೆಯ ಮಗನ ತಂದೆಯೊಬ್ಬ ಯೇಸುವನ್ನು ಹಾಗೆ ಬೇಡಿಕೊಳ್ಳುತ್ತಾನೆ. ಉಳಿದ ಮೂರು ಯೇಸು ಹೇಳಿದ ಸಾಮ್ಯಗಳ ಒಳಗಿವೆ: ಸಾಲ ಬಿಟ್ಟುಕೊಟ್ಟ ಒಡೆಯ, ಸಮಾರ್ಯದವನು, ಮನೆಬಿಟ್ಟು ಹೋದ ಮಗನ ತಂದೆ. ಇವರಾಚೆ ಯಾರಿಗೂ ಸುವಾರ್ತೆಗಳು ಈ ಪದವನ್ನು ಬಳಸುವುದಿಲ್ಲ. ಶಿಷ್ಯರಿಗೆ ಒಮ್ಮೆಯೂ ಇಲ್ಲ. ಈ ಪಟ್ಟಿಯನ್ನು ಮೊದಲ ಬಾರಿ ಬರೆದು ಮುಗಿಸಿದ ದಿನ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕುಳಿತಿದ್ದೆ.

ಹೆಜ್ಜೆ 2: ರೂಪವನ್ನು ಗುರುತಿಸಿ, ಆದರೆ ಅದರ ಮೇಲೆ ಕೋಟೆ ಕಟ್ಟಬೇಡಿ

ಗ್ರೀಕ್ ನಿಘಂಟಿನಲ್ಲಿ ಕ್ರಿಯಾಪದವನ್ನು ಕೊಡುವುದು ವರ್ತಮಾನಕಾಲದ ಉತ್ತಮ ಪುರುಷ ಏಕವಚನದಲ್ಲಿ. ಕನ್ನಡ ನಿಘಂಟಿನಲ್ಲಿ ‘ಮರುಗು’ ಎಂದು ಧಾತು ಸಿಕ್ಕರೆ, ಅಲ್ಲಿ ‘ಮರುಗುತ್ತೇನೆ’ ಎಂಬಂಥ ರೂಪ ಸಿಗುತ್ತದೆ. ನಮ್ಮ ಪದ ಮೂರು ರೂಪಗಳಲ್ಲಿ ಬರುತ್ತದೆ. ‘ಎಸ್ಪ್ಲಂಖ್ನಿಸ್ಥೇ’ ಎಂಬ ಭೂತಕಾಲದ ರೂಪ ಆರು ಕಡೆ. ‘ಸ್ಪ್ಲಂಖ್ನಿಸ್ಥೇಯ್ಸ್’ ಎಂಬ ಕೃದಂತ, ಅಂದರೆ ನಮ್ಮ ‘ಮರುಗಿ’, ‘ಕಂಡು’ ಎಂಬಂಥದ್ದು, ನಾಲ್ಕು ಕಡೆ. ‘ಸ್ಪ್ಲಂಖ್ನಿಝೊಮಾಯ್’ ಎಂಬ ವರ್ತಮಾನ ಎರಡೇ ಕಡೆ, ಮತ್ತಾಯ 15:32 ಮತ್ತು ಮಾರ್ಕ 8:2. ಯೇಸು ತನ್ನ ಒಳಗಿನ ಈ ಸ್ಥಿತಿಯನ್ನು ತನ್ನ ಬಾಯಿಂದಲೇ ಹೇಳುವುದು ಅಲ್ಲಿ. ಕಾರಣವೂ ಸರಳವಾದದ್ದು: ಜನರು ಮೂರು ದಿನದಿಂದ ಜೊತೆಗಿದ್ದಾರೆ, ಅವರಿಗೆ ಊಟವಿಲ್ಲ.

ಭೂತಕಾಲದ ಆ ಗ್ರೀಕ್ ರೂಪಕ್ಕೆ ಆಓರಿಸ್ಟ್ ಎಂದು ಹೆಸರು. ‘ಆಓರಿಸ್ಟ್ ಎಂದರೆ ಥಟ್ಟನೆ ಒಮ್ಮೆಲೇ ಆದದ್ದು’ ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಹಾಗೇನಿಲ್ಲ. ಅದು ಕ್ರಿಯೆಯನ್ನು ಇಡಿಯಾಗಿ ಹೇಳುತ್ತದೆ, ಅಷ್ಟೇ. ಥಟ್ಟನೆ ಆಯಿತೋ ಇಲ್ಲವೋ ಎನ್ನುವುದನ್ನು ಸಂದರ್ಭದಿಂದ ತಿಳಿಯಬೇಕು. ಅದೇ ರೀತಿ ‘ಸ್ಥೇ’ ಎಂಬ ಅಂಶ ಕರ್ಮಣಿ ಪ್ರಯೋಗದ್ದು. ಆದರೆ ಈ ಪದ ಹೊಸ ಒಡಂಬಡಿಕೆಯಲ್ಲಿ ಕರ್ತರಿ ರೂಪದಲ್ಲಿ ಬರುವುದೇ ಇಲ್ಲವಾದ್ದರಿಂದ ‘ಯಾರೋ ಅವನಿಗೆ ಹಾಗೆ ಮಾಡಿದರು’ ಎಂದು ಅರ್ಥ ಹಚ್ಚುವುದು ತಪ್ಪು. ಇಷ್ಟು ಮಾತ್ರ ಹೇಳಬಹುದು: ಇದು ಮನುಷ್ಯನು ಲೆಕ್ಕ ಹಾಕಿ ಮಾಡುವ ಕೆಲಸವಲ್ಲ, ಅವನಿಗೆ ಆಗುವ ಅನುಭವ.

ಇಲ್ಲಿ ಕನ್ನಡ ನಮಗೆ ನೆರವಾಗುತ್ತದೆ. ‘ಪಡು’ ಎಂಬುದು ಅನುಭವಿಸುವುದಕ್ಕೆ ಇರುವ ಧಾತು: ದುಃಖಪಡು, ಸಂಕಟಪಡು, ಕನಿಕರಪಡು. ಹಳೆಯ ಅನುವಾದಕರು ‘ಕನಿಕರ ತೋರಿಸಿ’ ಎನ್ನದೆ ‘ಕನಿಕರಪಟ್ಟು’ ಎಂದದ್ದು ಈ ರೂಪಕ್ಕೆ ಚೆನ್ನಾಗಿ ಹೊಂದುತ್ತದೆ. ಅವರ ಆಯ್ಕೆಯನ್ನು ಬದಲಿಸಲು ಹೊರಡುವ ಮುನ್ನ ಅದರ ಗುಣವನ್ನು ಕಾಣಬೇಕು.

ಹೆಜ್ಜೆ 3: ಬೇರಿಗೆ ಇಳಿಯಿರಿ, ಬೇರನ್ನೇ ಹಣ್ಣು ಎನ್ನಬೇಡಿ

ನಾಮಪದದ ಬಹುವಚನ ‘ಸ್ಪ್ಲಾಂಖ್ನಾ’ ಎಂದರೆ ಒಳಾಂಗಗಳು. ಹೋಮರನ ಕಾಲದಲ್ಲಿ ಇದು ಬಲಿಪಶುವಿನ ಹೃದಯ, ಶ್ವಾಸಕೋಶ, ಯಕೃತ್ತು, ಮೂತ್ರಪಿಂಡಗಳಂಥ ಭಾಗ. ಬಲಿಯರ್ಪಿಸಿದವರು ಅವನ್ನು ಸುಟ್ಟು ಎಲ್ಲಕ್ಕಿಂತ ಮೊದಲು ರುಚಿ ನೋಡುತ್ತಿದ್ದರು. ಕರುಳಿನ ಕೊಳವೆಗೆ ಗ್ರೀಕಿನಲ್ಲಿ ‘ಎಂತೆರಾ’ ಎಂಬ ಬೇರೆ ಪದವೂ ಇತ್ತು.

ಈ ಒಳಾಂಗಗಳೇ ಭಾವನೆಗಳ ನೆಲೆ ಎಂದು ಗ್ರೀಕರು ಎಣಿಸಿದ್ದರು. ಆದರೆ ಯಾವ ಭಾವನೆ? ಕ್ರಿಸ್ತಪೂರ್ವ 405ರಲ್ಲಿ ಆಡಿದ ಅರಿಸ್ಟೋಫೆನಿಸನ ‘ಕಪ್ಪೆಗಳು’ ನಾಟಕದಲ್ಲಿ ಸ್ಪ್ಲಾಂಖ್ನಾ ಬಿಸಿಯಾಗುವುದು ಕೋಪದಿಂದ. ಹಳೆಯ ಗ್ರೀಕಿನಲ್ಲಿ ಇದು ಮುಖ್ಯವಾಗಿ ಉರಿಯುವ, ಕೆರಳುವ ಭಾವಗಳ ಜಾಗ. ಮರುಕದ ಜಾಗವಾಗಿ ನೆಲೆಗೊಂಡದ್ದು ಯೆಹೂದ್ಯರು ಗ್ರೀಕಿನಲ್ಲಿ ಬರೆಯತೊಡಗಿದ ಮೇಲೆ. ಮಕ್ಕಬಿಯರ ಎರಡನೆಯ ಪುಸ್ತಕದ 6:8ರಲ್ಲಿ ಇದೇ ಕ್ರಿಯಾಪದ ಕರ್ತರಿ ರೂಪದಲ್ಲಿ ಬಂದಾಗಲೂ ಅದು ಬಲಿಯ ಒಳಾಂಗಗಳನ್ನು ತಿನ್ನುವ ಆಚರಣೆಯನ್ನೇ ಹೇಳುತ್ತದೆ. ಒಂದೇ ಪದ ಬಲಿಪೀಠದಿಂದ ಹೊರಟು ತಂದೆಯ ಅಂಗಳಕ್ಕೆ ಬಂದು ಸೇರಿದ ದಾರಿ ಎಷ್ಟು ದೂರದ್ದು ನೋಡಿ.

ಬೇರು ಗೊತ್ತಾದ ತಕ್ಷಣ ಅದೇ ಅರ್ಥವೆಂದು ಸಾರುವುದು ಅಪಾಯ. ‘ಹೊಟ್ಟೆಕಿಚ್ಚು’ ಎಂದಾಗ ಯಾರೂ ಹೊಟ್ಟೆಯಲ್ಲಿ ಬೆಂಕಿಯನ್ನು ಕಲ್ಪಿಸಿಕೊಳ್ಳುವುದಿಲ್ಲ, ಮತ್ಸರ ಎಂದಷ್ಟೇ ತಿಳಿಯುತ್ತೇವೆ. ಮೊದಲ ಶತಮಾನದ ಓದುಗರಿಗೂ ನಮ್ಮ ಕ್ರಿಯಾಪದ ಹಾಗೆಯೇ ಸವೆದು ಬರೀ ‘ಮರುಕ’ವಾಗಿತ್ತೇ?

ಇದಕ್ಕೆ ಉತ್ತರ ಹುಡುಕಲು ನಾಮಪದದ 11 ಬಳಕೆಗಳನ್ನು ನೋಡಬೇಕು. ಅಪೊಸ್ತಲರ ಕೃತ್ಯಗಳು 1:18ರಲ್ಲಿ ಯೂದನು ಬಿದ್ದು ಹೊಟ್ಟೆಯೊಡೆದಾಗ ಅವನ ‘ಸ್ಪ್ಲಾಂಖ್ನಾ’ ಎಲ್ಲವೂ ಹೊರಬಿದ್ದವು ಎಂದಿದೆ. ಅದನ್ನು ಬರೆದವನು ಲೂಕ. ಸಮಾರ್ಯದವನ ಕಥೆಯನ್ನು ಬರೆದವನೂ ಅವನೇ. ಅವನ ಕಿವಿಯಲ್ಲಿ ಪದದೊಳಗಿನ ಮೈ ಸತ್ತಿರಲಿಲ್ಲ. ಇನ್ನೊಂದು ಕಡೆ ಕೊಲೊಸ್ಸೆ 3:12, ಫಿಲಿಪ್ಪಿ 2:1ರಂಥ ಕಡೆಗಳಲ್ಲಿ ಅದು ಕೇವಲ ಭಾವ. ನನ್ನ ತೀರ್ಮಾನ ಇದು: ಕ್ರಿಯಾಪದದಲ್ಲಿ ರೂಪಕ ಅರೆಜೀವವಾಗಿದೆ, ಕಥೆ ಬಿಸಿಯಾದಲ್ಲಿ ಎದ್ದು ಕೂರುತ್ತದೆ. ಕನ್ನಡದ ‘ಕರುಳು’ ಕೂಡ ನಮ್ಮ ಮಾತಿನಲ್ಲಿ ಸರಿಯಾಗಿ ಅದೇ ಸ್ಥಿತಿಯಲ್ಲಿದೆ.

ಹೆಜ್ಜೆ 4: ಹೀಬ್ರೂ ಹಿನ್ನೆಲೆ, ಹಳೆಯ ಅನುವಾದಗಳು

ಹೀಬ್ರೂವಿನಲ್ಲಿ ಕರುಣೆಗೆ ‘ರಹಮೀಮ್’. ಅದರ ಬಂಧು ‘ರೆಹೆಮ್’ ಎಂದರೆ ಗರ್ಭ. ಅರಸುಗಳು ಮೊದಲನೆಯ ಪುಸ್ತಕದಲ್ಲಿ ಸೊಲೊಮೋನನು ಮಗುವನ್ನು ಎರಡಾಗಿ ಸೀಳಲು ಹೇಳಿದಾಗ ನಿಜವಾದ ತಾಯಿಯ ರಹಮೀಮ್ ಕುದಿದೆದ್ದಿತು. ಸೆಪ್ಟುಅಜಿಂಟ್ ಎಂಬ ಹಳೆಯ ಗ್ರೀಕ್ ಅನುವಾದ ಅಲ್ಲಿ ‘ಅವಳ ಗರ್ಭ ಕಲಕಿಹೋಯಿತು’ ಎಂದೇ ಬರೆಯುತ್ತದೆ. ಆದಿಕಾಂಡ 43:30ರಲ್ಲಿ ಯೋಸೇಫನು ತಮ್ಮ ಬೆನ್ಯಾಮೀನನನ್ನು ಕಂಡು ಅಳಲು ಜಾಗ ಹುಡುಕುವಾಗ ಅವನ ‘ಎಂತೆರಾ’ ತಿರುಚಿಕೊಂಡಿತು. ಆದರೆ ಎಚ್ಚರ: ಸೆಪ್ಟುಅಜಿಂಟ್ ರಹಮೀಮ್ ಪದಕ್ಕೆ ಹೆಚ್ಚಾಗಿ ಬಳಸುವುದು ‘ಒಯ್ಕ್ತಿರ್ಮೊಯ್’ ಎಂಬ ಪದವನ್ನು. ಹಾಗಾಗಿ ‘ನಮ್ಮ ಪದ ರಹಮೀಮ್‌ನ ನೇರ ಅನುವಾದ’ ಎನ್ನಲಾಗದು. ಇವೆಲ್ಲ ಒಂದೇ ಮಣ್ಣಿನ ಬೆಳೆ ಎನ್ನಬಹುದು.

ಸಿರಿಯಾಕಿನ ಪೆಶಿತ್ತಾ ಅನುವಾದ ಲೂಕ 15:20ರ ತಂದೆಯ ವಿಷಯದಲ್ಲಿ ‘ಎತ್ರಹಮ್’ ಎನ್ನುತ್ತದೆ, ಅದೇ ಗರ್ಭದ ಧಾತು. ಲ್ಯಾಟಿನ್ ವಲ್ಗೇಟ್ ‘ಮಿಸೆರಿಕೋರ್ದಿಯಾ’ ಪದವನ್ನು ತರುತ್ತದೆ. ಅದರೊಳಗೆ ಇರುವುದು ‘ಕೋರ್’, ಹೃದಯ. ಹೊಟ್ಟೆಯಲ್ಲಿದ್ದದ್ದು ಅಲ್ಲಿ ಎದೆಗೆ ಏರಿತು. 1522ರ ಲೂಥರನ ಜರ್ಮನ್ ಅನುವಾದದಲ್ಲಿ ವಾಕ್ಯದ ಕಟ್ಟು ನಮ್ಮ ‘ಅವನಿಗೆ ಸಂಕಟವಾಯಿತು’ ಎಂಬುದಕ್ಕೆ ಹತ್ತಿರ: ಅಲ್ಲಿ ಮನುಷ್ಯನು ಕರ್ತೃವಲ್ಲ, ಸಂಕಟ ಅವನನ್ನು ಹಿಡಿಯುತ್ತದೆ. ಬೇರೆ ಭಾಷೆಯ ಅನುವಾದಗಳನ್ನು ನಕಲು ಮಾಡಲು ನೋಡಬೇಕಿಲ್ಲ. ಅವರಿಗೆ ಎಲ್ಲಿ ಕಷ್ಟವಾಯಿತು ಎಂದು ತಿಳಿಯಲು ನೋಡಬೇಕು.

ಹೆಜ್ಜೆ 5: ನೆರೆಯ ಪದಗಳನ್ನು ಬೇರ್ಪಡಿಸಿ

ಕರುಣೆಯ ಸುತ್ತ ಗ್ರೀಕಿನಲ್ಲಿ ಇನ್ನೂ ಮೂರು ಕ್ರಿಯಾಪದಗಳಿವೆ. ‘ಎಲೆಯೋ’ ಎಂದರೆ ಕರುಣೆ ತೋರು. ಆರಾಧನೆಯಲ್ಲಿ ಹಾಡುವ ‘ಕೀರಿಯೆ ಎಲೆಯ್ಸೊನ್’ ಇದರಿಂದ ಬಂದದ್ದು. ‘ಒಯ್ಕ್ತೀರೋ’ ರೋಮ 9:15ರಲ್ಲಿದೆ. ‘ಸುಂಪಥೆಯೋ’ ಎಂದರೆ ಜೊತೆಗೆ ನೋಯುವುದು, ಇಬ್ರಿಯ 4:15ರಲ್ಲಿದೆ.

ಎಲೆಯೋ ಮತ್ತು ನಮ್ಮ ಪದ ಅಕ್ಕಪಕ್ಕ ನಿಲ್ಲುವ ಎರಡು ಜಾಗಗಳನ್ನು ನಿಧಾನವಾಗಿ ಓದಿ. ಮತ್ತಾಯ 20ರಲ್ಲಿ ಇಬ್ಬರು ಕುರುಡರು ‘ನಮ್ಮನ್ನು ಕರುಣಿಸು’ ಎಂದು ಕೂಗುವುದು ಎಲೆಯೋ ಪದದಿಂದ. ಯೇಸುವಿನೊಳಗೆ ಆದದ್ದನ್ನು ಮತ್ತಾಯನು ಹೇಳುವುದು ಕರುಳಿನ ಪದದಿಂದ. ಮತ್ತಾಯ 18ರಲ್ಲಿ ಹತ್ತು ಸಾವಿರ ತಲಾಂತು ಸಾಲವಿದ್ದ ಆಳು ಕಾಲಿಗೆ ಬಿದ್ದಾಗ ಒಡೆಯನ ಕರುಳು ಕರಗುತ್ತದೆ (27). ಆಮೇಲೆ ಅದೇ ಆಳನ್ನು ಕರೆಸಿ ‘ನಾನು ನಿನ್ನನ್ನು ಕರುಣಿಸಿದಂತೆ ನೀನೂ ನಿನ್ನ ಜೊತೆಯವನನ್ನು ಕರುಣಿಸಬೇಕಿತ್ತಲ್ಲವೇ’ ಎಂದು ಕೇಳುವಾಗ ಬಳಸುವುದು ಎಲೆಯೋ (33). ವ್ಯತ್ಯಾಸ ಇಲ್ಲಿದೆ. ಎಲೆಯೋವನ್ನು ಬೇಡಬಹುದು, ವಿಧಿಸಬಹುದು, ತೋರಿಸಬಹುದು. ಕರುಳು ಮಿಡಿಯುವುದನ್ನು ವಿಧಿಸಲಾಗದು. ಆದ್ದರಿಂದ ಕನ್ನಡದಲ್ಲೂ ಇವೆರಡಕ್ಕೂ ಒಂದೇ ಮಾತು ಬಳಸಿದರೆ ಓದುಗರಿಗೆ ಈ ಹೆಣಿಗೆ ಕಾಣುವುದೇ ಇಲ್ಲ. ‘ಕರುಣೆ’, ‘ಕರುಣಿಸು’ ಪದಗಳನ್ನು ನಾನು ಎಲೆಯೋಗೆ ಮೀಸಲಿಟ್ಟಿದ್ದೇನೆ.

ಹೆಜ್ಜೆ 6: ಹಿಂದೆ ಏನಿದೆ, ಮುಂದೆ ಏನಿದೆ

ಮತ್ತೆ ನಿಮ್ಮ ಪಟ್ಟಿಗೆ ಹೋಗಿ. ಲೂಕನ ಮೂರು ಕಡೆಗಳಲ್ಲೂ, ಮತ್ತಾಯ 9:36, 14:14, ಮಾರ್ಕ 6:34ರಲ್ಲೂ ಈ ಪದದ ಹಿಂದೆಯೇ ‘ಕಂಡು’ ಇದೆ. ಮುಂದೆ ಕೈ ಅಥವಾ ಕಾಲು ಇದೆ: ಮುಟ್ಟಿದನು, ಗುಣಪಡಿಸಿದನು, ಸಾಲ ಬಿಟ್ಟನು, ಓಡಿದನು. ಮಾರ್ಕ 6:34ರಲ್ಲಿ ಮಾತ್ರ ಜನರನ್ನು ಕಂಡು ಬೋಧಿಸತೊಡಗಿದನು, ಆಮೇಲೆ ಊಟ ಕೊಟ್ಟನು. ಸಮಾರ್ಯದವನ ವಿಷಯದಲ್ಲಿ ಲೂಕನು ಈ ಒಂದು ಪದದ ಮುಂದೆ ಕೆಲಸಗಳ ಸಾಲನ್ನೇ ಇಡುತ್ತಾನೆ: ಹತ್ತಿರ ಹೋದನು, ಎಣ್ಣೆ ದ್ರಾಕ್ಷಾರಸ ಹೊಯ್ದು ಗಾಯ ಕಟ್ಟಿದನು, ತನ್ನ ವಾಹನದ ಮೇಲೆ ಕೂರಿಸಿದನು, ಛತ್ರಕ್ಕೆ ಕರೆದೊಯ್ದನು, ಆರೈಕೆ ಮಾಡಿದನು, ಮರುದಿನ ಎರಡು ದಿನಾರಿ ಎತ್ತಿಕೊಟ್ಟನು.

ಆದ್ದರಿಂದ ಅನುವಾದಕ್ಕೆ ಒಂದು ಒರೆಗಲ್ಲು ಸಿಕ್ಕಿತು. ನೀವು ಆರಿಸುವ ಕನ್ನಡ ಮಾತು ನೋಟದಿಂದ ಹುಟ್ಟಬೇಕು, ಕೆಲಸಕ್ಕೆ ದಾರಿ ಬಿಡಬೇಕು. ಕುಳಿತಲ್ಲೇ ಕಣ್ಣೀರಿಡುವ ಮಾತಾದರೆ ಅದು ಈ ಪದವಲ್ಲ.

ಹೆಜ್ಜೆ 7: ಮೂಲಪಾಠದಲ್ಲಿ ತಕರಾರಿದೆಯೇ ನೋಡಿ

ಮಾರ್ಕ 1:41ರಲ್ಲಿದೆ. ಕುಷ್ಠರೋಗಿ ಮೊಣಕಾಲೂರಿದಾಗ ಬಹುಪಾಲು ಹಸ್ತಪ್ರತಿಗಳಲ್ಲಿ ಇರುವುದು ‘ಸ್ಪ್ಲಂಖ್ನಿಸ್ಥೇಯ್ಸ್’. ಆದರೆ ಈಗ ಕೇಂಬ್ರಿಜ್‌ನಲ್ಲಿರುವ ಬೇಜೀ ಹಸ್ತಪ್ರತಿಯಲ್ಲಿ ಮತ್ತು ಕೆಲವು ಹಳೆಯ ಲ್ಯಾಟಿನ್ ಪ್ರತಿಗಳಲ್ಲಿ ‘ಓರ್ಗಿಸ್ಥೇಯ್ಸ್’, ಅಂದರೆ ‘ಕೋಪಗೊಂಡು’ ಎಂಬುದಕ್ಕೆ ಸಮನಾದ ಪಾಠವಿದೆ. ಕೋಪವನ್ನು ಮರುಕವಾಗಿ ತಿದ್ದಲು ನಕಲುಗಾರನಿಗೆ ಮನಸ್ಸಾಗಬಹುದು, ಮರುಕವನ್ನು ಕೋಪವಾಗಿ ತಿದ್ದಲು ಯಾರಿಗೆ ಮನಸ್ಸಾದೀತು ಎಂಬುದು ಒಂದು ವಾದ. ಸಾಕ್ಷ್ಯದ ತೂಕವೆಲ್ಲ ಇನ್ನೊಂದು ಕಡೆ ಇದೆ ಎಂಬುದು ಮತ್ತೊಂದು. ಇದೇ ಪ್ರಸಂಗವನ್ನು ಹೇಳುವಾಗ ಮತ್ತಾಯನೂ ಲೂಕನೂ ಯಾವ ಭಾವವನ್ನೂ ಹೇಳದೆ ಬಿಟ್ಟಿದ್ದಾರೆ. ನಾನು ಪಠ್ಯದಲ್ಲಿ ಮರುಕವನ್ನು ಉಳಿಸಿ, ಅಡಿಟಿಪ್ಪಣಿಯಲ್ಲಿ ಕೋಪವನ್ನು ಕೊಡುತ್ತೇನೆ. ಟಿಪ್ಪಣಿಯನ್ನು ಮುಚ್ಚಿಡುವುದು ಓದುಗರಿಗೆ ಮಾಡುವ ಅನ್ಯಾಯ.

ಹೆಜ್ಜೆ 8: ಕನ್ನಡದ ಮಾತುಗಳನ್ನು ತಕ್ಕಡಿಗೆ ಹಾಕಿ

ಈ ಹೆಜ್ಜೆಗೆ ಬೇಕಾದಷ್ಟು ದಿನ ಕೊಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ನಿಮಗೆ ಹೊಳೆದ ಎಲ್ಲ ಮಾತುಗಳನ್ನೂ ಬರೆಯಿರಿ.

‘ದಯೆ ತೋರಿದನು’, ‘ಕೃಪೆ ಮಾಡಿದನು’: ಇವು ಮೇಲೆ ನಿಂತವನು ಕೆಳಗಿದ್ದವನಿಗೆ ಮಾಡುವ ಕೆಲಸಗಳು, ಹೊಡೆದುಹಾಕಿ. ‘ಅಯ್ಯೋ ಪಾಪ ಎಂದುಕೊಂಡನು’: ಹೀಗೆ ಅಂದುಕೊಂಡು ಮುಂದೆ ಹೋಗಲು ಯಾಜಕನಿಗೂ ಸಾಧ್ಯವಿತ್ತು. ‘ಹೊಟ್ಟೆ ಉರಿಯಿತು’: ಒಳಾಂಗವೇನೋ ಸಿಕ್ಕಿತು, ಆದರೆ ಭಾವ ಮತ್ಸರದ ಕಡೆಗೋ ಶಾಪದ ಕಡೆಗೋ ಜಾರುತ್ತದೆ. ‘ಸಂಕಟವಾಯಿತು’: ನಮ್ಮಲ್ಲಿ ಹೊಟ್ಟೆಗೂ ಮನಸ್ಸಿಗೂ ಒಂದೇ ಸಂಕಟ, ಇದು ಗ್ರೀಕಿಗೆ ಬಹಳ ಹತ್ತಿರ, ಆದರೆ ಸಂಕಟ ತನ್ನಲ್ಲೇ ಸುತ್ತುತ್ತದೆ, ಎದುರಿಗಿದ್ದವನ ಕಡೆಗೆ ಹರಿಯುವುದು ಕಡಿಮೆ. ‘ಮರುಗಿದನು’, ‘ಮರುಕಗೊಂಡನು’: ಬೆಚ್ಚಗಿನ ಅಚ್ಚಗನ್ನಡ, ಇದನ್ನು ಇಟ್ಟುಕೊಳ್ಳಿ. ‘ಮನ ಮಿಡಿಯಿತು’: ಪತ್ರಿಕೆಯ ತಲೆಬರಹಗಳಲ್ಲಿ ಸವೆದಿದೆ.

ಇನ್ನು ಕರುಳಿನ ಮಾತುಗಳು. ಕರುಳು ಚುರುಕ್ಕೆಂದಿತು. ಕರುಳು ಮಿಡಿಯಿತು. ಕರುಳು ಕರಗಿತು. ಕರುಳು ಹಿಂಡಿದಂತಾಯಿತು. ಕರುಳು ಕಿತ್ತುಬಂತು. ಕನ್ನಡದ ಈ ಸಂಪತ್ತನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಲ್ಯಾಟಿನ್ನಿನವರು ಎದೆಗೆ ಏರಿಸಬೇಕಾದದ್ದನ್ನು ನಾವು ಇದ್ದಲ್ಲೇ ಹೇಳಬಹುದು.

ಆದರೆ ಒಂದು ತೊಡಕು ನನ್ನನ್ನು ಬಹಳ ದಿನ ಕಾಡಿತು. ಕನ್ನಡದಲ್ಲಿ ಕರುಳು ಎಂದರೆ ಮರುಕ ಮಾತ್ರವಲ್ಲ, ಸಂಬಂಧ ಕೂಡ. ಹೆತ್ತ ಕರುಳು, ಕರುಳಬಳ್ಳಿ, ಕರುಳಿನ ಕುಡಿ, ಒಡಹುಟ್ಟಿದ ಕರುಳು. ಕರುಳು ಚುರುಕ್ಕೆನ್ನುವುದು ತನ್ನವರಿಗಾಗಿ. ಮಗನನ್ನು ದೂರದಲ್ಲೇ ಕಂಡು ಓಡಿದ ತಂದೆಗೆ ಈ ಮಾತು ಹೇಳಿ ಮಾಡಿಸಿದಂತಿದೆ. ಸಮಾರ್ಯದವನಿಗೆ? ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕು ಬಳಕೆಯಿರಲಿಲ್ಲ. ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ಕರುಳು ಚುರುಕ್ಕೆನ್ನುವುದು ಕನ್ನಡ ಕಿವಿಗೆ ಒಪ್ಪುತ್ತದೆಯೇ? ಗ್ರೀಕಿನಲ್ಲೂ ಸ್ಪ್ಲಾಂಖ್ನಾ ಎಂದರೆ ಹೆತ್ತ ಮಕ್ಕಳು ಎಂಬ ಬಳಕೆ ಇತ್ತು. ಪೌಲನು ಫಿಲೆಮೋನನಿಗೆ ಬರೆದ ಪತ್ರದಲ್ಲಿ, ಸೆರೆಯಲ್ಲಿ ತಾನು ‘ಪಡೆದ’ ಮಗನೆಂದು ಒನೇಸಿಮನನ್ನು ಕರೆದು, ಎರಡು ವಚನಗಳ ಮುಂದೆ ‘ಅವನು ನನ್ನ ಸ್ಪ್ಲಾಂಖ್ನಾ’ ಎನ್ನುತ್ತಾನೆ. ಅಲ್ಲಿ ‘ನನ್ನ ಕರುಳಿನ ಕುಡಿ’ ಎಂದರೆ ಪೌಲನ ದನಿಯೇ ಕೇಳುತ್ತದೆ; ಆ ಒನೇಸಿಮನು ಹುಟ್ಟಿನಿಂದ ಪೌಲನಿಗೆ ಏನೂ ಅಲ್ಲ, ಅವನೊಬ್ಬ ದಾಸ. ಈ ವಚನ ನನಗೆ ಅರ್ಧ ಧೈರ್ಯ ಕೊಟ್ಟಿತು.

ಹೆಜ್ಜೆ 9: ಒಂದೊಂದೇ ವಚನವನ್ನು ಬರೆದು ನೋಡಿ

ಹನ್ನೆರಡಕ್ಕೂ ಒಂದೇ ಮಾತನ್ನು ಅಂಟಿಸುವ ಹಟ ಬೇಡ. ಕರುಳು ಉಳಿಯಲಿ, ಅದರ ಜೊತೆಯ ಕ್ರಿಯೆ ಸಂದರ್ಭಕ್ಕೆ ತಕ್ಕಂತೆ ಬದಲಾಗಲಿ.

ಲೂಕ 15:20: ‘ಅವನಿನ್ನೂ ದೂರದಲ್ಲಿರುವಾಗಲೇ ತಂದೆ ಅವನನ್ನು ಕಂಡನು, ಕರುಳು ಚುರುಕ್ಕೆಂದಿತು, ಓಡಿಹೋಗಿ ಕೊರಳನ್ನು ತಬ್ಬಿ ಮುದ್ದಿಟ್ಟನು.’

ಲೂಕ 7:13, ವಿಧವೆಯ ಒಬ್ಬನೇ ಮಗನ ಶವವನ್ನು ಊರ ಬಾಗಿಲಲ್ಲಿ ಹೊತ್ತೊಯ್ಯುವಾಗ: ‘ಆಕೆಯನ್ನು ಕಂಡು ಕರ್ತನಿಗೆ ಕರುಳು ಹಿಂಡಿದಂತಾಯಿತು. ಅಳಬೇಡ ಎಂದನು.’ ಇಲ್ಲಿ ‘ಅಮ್ಮಾ’ ಎಂದು ಸೇರಿಸಲು ಕೈ ಚಾಚಿತು, ಮೂಲದಲ್ಲಿಲ್ಲ, ಸೇರಿಸಲಿಲ್ಲ.

ಮತ್ತಾಯ 18:27: ‘ಆ ಆಳಿನ ಒಡೆಯನಿಗೆ ಕರುಳು ಕರಗಿತು, ಅವನನ್ನು ಬಿಟ್ಟುಬಿಟ್ಟನು, ಸಾಲವನ್ನೂ ಮನ್ನಾ ಮಾಡಿದನು.’ ಮಾರ್ಕ 8:2: ‘ಈ ಜನರಿಗಾಗಿ ನನ್ನ ಕರುಳು ಮರುಗುತ್ತದೆ, ಮೂರು ದಿನದಿಂದ ನನ್ನ ಜೊತೆಗಿದ್ದಾರೆ, ತಿನ್ನಲು ಏನೂ ಇಲ್ಲ.’

ಮಾರ್ಕ 9:22 ಕಷ್ಟದ್ದು. ತಂದೆ ಬೇಡುತ್ತಿದ್ದಾನೆ, ಆದರೆ ಕರುಳಿಗೆ ಆಜ್ಞೆ ಮಾಡಲು ಕನ್ನಡದಲ್ಲಿ ಬರುವುದಿಲ್ಲ. ‘ಅಲಿ’ ಪ್ರತ್ಯಯ ಇಲ್ಲಿ ಕೈಹಿಡಿಯಿತು: ‘ನಿಮ್ಮ ಕೈಲಾದರೆ, ನಮ್ಮನ್ನು ಕಂಡು ನಿಮ್ಮ ಕರುಳು ಮರುಗಲಿ, ನೆರವಾಗಿ.’ ಗ್ರೀಕಿನಲ್ಲಿ ಗೌರವದ ಬಹುವಚನವಿಲ್ಲ, ಎಲ್ಲರಿಗೂ ‘ನೀನು’. ಆದರೆ ಕನ್ನಡದ ಒಬ್ಬ ತಂದೆ ಗುರುವೊಬ್ಬರ ಮುಂದೆ ನಿಂತು ‘ನೀನು’ ಎಂದಾನೆಯೇ?

ಕೃದಂತವಿರುವ ಕಡೆಗಳಲ್ಲಿ ವ್ಯಾಕರಣದ ಗುಂಡಿಯಿದೆ. ‘ಯೇಸುವಿನ ಕರುಳು ಮಿಡಿದು ಅವನನ್ನು ಮುಟ್ಟಿದನು’ ಎಂದು ಬರೆದರೆ ತಪ್ಪು, ಏಕೆಂದರೆ ಮಿಡಿದದ್ದು ಕರುಳು, ಮುಟ್ಟಿದ್ದು ಯೇಸು. ಎರಡು ಕ್ರಿಯೆಗಳಿಗೆ ಕರ್ತೃ ಬೇರೆಯಾದಾಗ ಕನ್ನಡ ಈ ಹೆಣಿಗೆಯನ್ನು ಒಪ್ಪುವುದಿಲ್ಲ. ಒಂದೋ ವಾಕ್ಯವನ್ನು ಒಡೆಯಬೇಕು: ‘ಯೇಸುವಿನ ಕರುಳು ಮಿಡಿಯಿತು. ಕೈಚಾಚಿ ಅವನನ್ನು ಮುಟ್ಟಿದನು.’ ಇಲ್ಲವೇ ‘ಮರುಕಗೊಂಡು’, ‘ಕನಿಕರಪಟ್ಟು’ ಎಂದೇ ಉಳಿಸಬೇಕು. ಮಾರ್ಕನ ಓಟಕ್ಕೆ ನಾನು ಒಡೆದ ವಾಕ್ಯವನ್ನು ಆರಿಸಿದೆ. ಮತ್ತಾಯ 20:34ರಲ್ಲಿ ‘ಮರುಕಗೊಂಡು’ ಸಾಕೆನಿಸಿತು.

ನಾಮಪದಕ್ಕೂ ಕರುಳನ್ನೇ ಹಚ್ಚಲು ಹೋಗಬೇಡಿ. ಒಂದನೆಯ ಯೋಹಾನ 3:17ರಲ್ಲಿ ಸಹೋದರನ ಕೊರತೆಯನ್ನು ಕಂಡೂ ‘ಸ್ಪ್ಲಾಂಖ್ನಾ ಮುಚ್ಚಿಕೊಂಡವನು’ ಎಂದಿದೆ. ‘ಕರುಳು ಮುಚ್ಚಿಕೊಂಡವನು’ ಎಂದರೆ ಆಸ್ಪತ್ರೆಯ ನೆನಪಾಗುತ್ತದೆ. ‘ಮನಸ್ಸು ಕಲ್ಲು ಮಾಡಿಕೊಂಡವನು’ ಎನ್ನುವುದೇ ಸರಿ.

ಹೆಜ್ಜೆ 10: ಜೋರಾಗಿ ಓದಿ, ಬೇರೆಯವರ ಮುಖ ನೋಡಿ

ಸುವಾರ್ತೆಗಳು ಹುಟ್ಟಿದ್ದು ಕೇಳುವ ಜನರಿಗಾಗಿ. ಬರೆದದ್ದು ಕಣ್ಣಿಗೆ ಚೆಂದ ಕಂಡು ಕಿವಿಗೆ ತಡೆಯಬಹುದು.

ಲೂಕ 10ರ ಕಥೆಯನ್ನು ನಾನು ಹೀಗೆ ಬರೆದಿದ್ದೆ: ‘ಸಮಾರ್ಯದವನೊಬ್ಬನು ಪ್ರಯಾಣ ಮಾಡುತ್ತಾ ಅವನಿದ್ದಲ್ಲಿಗೆ ಬಂದನು; ಕಂಡನು; ಕರುಳು ಚುರುಕ್ಕೆಂದಿತು.’ ‘ಕರುಳು’ ಇಡಲೋ, ‘ಮರುಕಗೊಂಡನು’ ಎಂದು ಬದಲಿಸಲೋ ಎಂದು ತೀರ್ಮಾನವಾಗಿರಲಿಲ್ಲ. ಒಂದು ಸಂಜೆ ಮನೆಯ ಪ್ರಾರ್ಥನಾಕೂಟದಲ್ಲಿ ಓದಿದೆ. ಎಂಟೋ ಹತ್ತೋ ಮಂದಿ ಇದ್ದರು. ಕಥೆಯನ್ನು ಬಾಲ್ಯದಿಂದ ಕೇಳಿದ್ದ ಹಿರಿಯ ತಾಯಿಯೊಬ್ಬರು, ಓದು ಮುಗಿಯುವ ಮೊದಲೇ ನನ್ನನ್ನು ತಡೆದು ಕೇಳಿದರು:

‘ಆ ಬಿದ್ದಿದ್ದವನು ಇವನಿಗೆ ಏನಾಗಬೇಕಿತ್ತು?’

ಏನೂ ಆಗಬೇಕಿರಲಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಿದ್ದೂ ಕರುಳು ಅಂದನೇ ಲೂಕ?’ ಎಂದರು. ಹೌದು, ಗ್ರೀಕಿನಲ್ಲಿ ಹಾಗೆಯೇ ಇದೆ ಎಂದೆ. ಈ ಕಥೆಯನ್ನು ಯೇಸು ಹೇಳಿದ್ದೇ ‘ನನ್ನ ನೆರೆಯವನು ಯಾರು?’ ಎಂದು ಧರ್ಮೋಪದೇಶಕನೊಬ್ಬ ಕೇಳಿದ ಪ್ರಶ್ನೆಗೆ. ಆ ತಾಯಿಯ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ 10:33ರ ಅಂಚಿಗೆ ಬರೆದುಕೊಂಡೆ. ವಾಕ್ಯವನ್ನು ಹಾಗೆಯೇ ಬಿಟ್ಟೆ.